ಲಾಗೌಟ್ ಒತ್ತಿದ ಮೇಲೂ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಸಿಡುಕಿ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಕರೆಯುವ ಗುಂಡಿಗೆ ಯಾರಿಗೂ ಇರಲಿಲ್ಲ. ಕೋಪ ಅವಳ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಒಂದು ಕೀಬೋರ್ಡನ್ನು ಮೇಜಿನ ಅಂಚಿಗೆ ಬಡಿದು ಮುರಿದಿದ್ದಳು. ಸ್ಟೇಪ್ಲರ್ ಎಸೆದು ಗಾಜಿನ ಬಾಗಿಲಿಗೆ ಬಿರುಕು ಬಿಡಿಸಿದ್ದಳು. ತಾನು ಬರೆದ ಕಂಪ್ಯೂಟರ್ ಕೋಡಿಗೆ ಕೇಳದೆ ಕೈ ಹಾಕಿದ ಒಬ್ಬ ಮಹಾನುಭಾವನನ್ನು ಅವನು ಕೂತಿದ್ದ ಕುರ್ಚಿಯ ಸಮೇತ ಒದ್ದು ಉರುಳಿಸಿದ್ದಳು. ಆದರೂ ಅವಳನ್ನು ಕೆಲಸದಿಂದ ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ. ಬೇರೆಯವರು ಮುಟ್ಟಲು ಹೆದರುವ ಕೆಲಸದಲ್ಲಿ ಅವಳದು ಎತ್ತಿದ ಕೈ.

ಆ ಕೆಲಸ ಏನಪ್ಪಾ ಅಂದರೆ, ಬಾಗಿಲು ಕಾಯುವುದು. ಜನ ಒಂದು ವೆಬ್‌ಸೈಟಿಗೆ ಬಂದು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುತ್ತಾರಲ್ಲ, ಆಗ ಆ ಕಡೆಯ ಯಂತ್ರ ಅವರಿಗೊಂದು ಚೀಟಿ ಕೊಡುತ್ತದೆ. ಆಮೇಲೆ ಪ್ರತಿ ಪುಟಕ್ಕೂ ಆ ಚೀಟಿ ತೋರಿಸಿದರೆ ಸಾಕು, ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಲಾಗೌಟ್ ಒತ್ತಿದಾಗ ಯಂತ್ರ ಆ ಚೀಟಿಯನ್ನು ಹರಿದು ಹಾಕಬೇಕು. ಕೊಟ್ಟಲ್ಲಿಂದ ಹರಿಯುವ ತನಕದ ಅವಧಿಗೆ ಸೆಷನ್ ಅನ್ನುತ್ತಾರೆ. ಕೇಳುವುದಕ್ಕೆ ಇಷ್ಟೇ. ಆದರೆ ಚೀಟಿ ಇರುವುದು ಬ್ರೌಸರಿನ ಜೇಬಿನಲ್ಲಿ, ಮತ್ತೆ ಲೋಕದಲ್ಲಿರುವ ಬ್ರೌಸರುಗಳು ಒಂದೇ ಎರಡೇ? ಹೊಸದಕ್ಕೆ ಒಂದು ನಿಯಮ, ಹಳೆಯದಕ್ಕೆ ಇನ್ನೊಂದು. ಕೆಲವಕ್ಕೆ ಜೇಬೇ ಹರಿದುಹೋಗಿರುತ್ತದೆ, ಕೊಟ್ಟ ಚೀಟಿ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯ. ಇಂಥವುಗಳ ಮೇಲೆ ಪರೀಕ್ಷೆ ಮಾಡಲೆಂದೇ ಆಫೀಸಿನ ಮೂಲೆಯ ಕಪಾಟಿನಲ್ಲಿ ಹಳೆಯ ಫೋನು, ಟ್ಯಾಬು, ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟಿದ್ದರು. ಆ ಕಪಾಟಿಗೆ ಅವರು ಇಟ್ಟಿದ್ದ ಹೆಸರು ವೃದ್ಧಾಶ್ರಮ. ಅಲ್ಲಿನ ಒಂದೊಂದು ಮುದಿ ಯಂತ್ರದ ಕಾಯಿಲೆಯೂ ಸಿಡುಕಿಗೆ ಬಾಯಿಪಾಠ.

ಬಾಗಿಲಿನ ಹುಚ್ಚು ಅವಳಿಗೆ ಚಿಕ್ಕಂದಿನಲ್ಲೇ ಹಿಡಿದಿತ್ತು. ಅಪ್ಪ ಸಂಜೆ ಮನೆಗೆ ಬಂದರೆ ಮೊದಲು ಚಪ್ಪಲಿ ಕಳಚುತ್ತಿದ್ದ, ಆಮೇಲೆ ಬೆಲ್ಟು. ಬೆಲ್ಟು ಕಳಚುವುದಕ್ಕೆ ಕಾರಣ ಬೇಕೆಂದೇನೂ ಇರಲಿಲ್ಲ. ಅಮ್ಮ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಕಿವಿ ಮುಳುಗಿಸಿಕೊಂಡು ನಿಲ್ಲುತ್ತಿದ್ದಳು. ಸಿಡುಕಿ ತಂಗಿಯನ್ನು ಬಚ್ಚಲಿಗೆ ನೂಕಿ, ಚಿಲಕದ ಮುಂದೆ ತಾನು ನಿಂತು ಏಟು ತಿನ್ನುತ್ತಿದ್ದಳು. ಬೆನ್ನಿನ ಮೇಲೆ ಬಾಸುಂಡೆ, ತೊಡೆಯ ಮೇಲೆ ಬಕಲ್ಲಿನ ಗುರುತು. ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ದಿನ ಪಿತ್ತ ನೆತ್ತಿಗೇರಿ, ಬೀಸಿದ ಬೆಲ್ಟನ್ನು ಗಾಳಿಯಲ್ಲೇ ಹಿಡಿದು ಕಿತ್ತುಕೊಂಡು ಅಪ್ಪನ ಮುಖಕ್ಕೆ ಬಾರಿಸಿಬಿಟ್ಟಳು. ಹುಬ್ಬು ಒಡೆದು ರಕ್ತ ಅಂಗಿಗೆ ಸುರಿಯಿತು. ಅಪ್ಪ ಮತ್ತೆ ಆ ಮನೆಯಲ್ಲಿ ಕೈ ಎತ್ತಲಿಲ್ಲ. ಹೊಡೆತ ನಿಲ್ಲುವುದು ಹೊಡೆತದಿಂದ ಅನ್ನುವುದು ಅವಳ ತಲೆಯಲ್ಲಿ ಅವತ್ತು ಕೂತದ್ದು ಇಳಿಯಲೇ ಇಲ್ಲ.

ತಂಗಿ ಕಲಿತದ್ದೇ ಬೇರೆ. ತಂಗಿಯನ್ನು ಮನೆಯಲ್ಲಿ ಪುಟ್ಟಿ ಅನ್ನುತ್ತಿದ್ದರು, ದೊಡ್ಡವಳಾದ ಮೇಲೂ ಪುಟ್ಟಿಯೇ. ಬಚ್ಚಲಿನಿಂದ ಹೊರಗೆ ಬಂದವಳು, "ನಾನು ಲೋಟ ಬೀಳಿಸಿದ್ದಕ್ಕೇ ಅಲ್ವಾ ಅಕ್ಕ ಅಪ್ಪಂಗೆ ಸಿಟ್ಟು ಬಂದಿದ್ದು?" ಎಂದು ಕೇಳುವಳು. ಇಂಥ ಹುಡುಗಿಗೆ ಎಂಥ ಗಂಡ ಸಿಗಬೇಕೋ ಅಂಥವನೇ ಸಿಕ್ಕಿದ. ಗ್ಯಾರೇಜು ಇಟ್ಟಿದ್ದ. ಗಿರಾಕಿಗಳ ಹತ್ತಿರ ಬೆಣ್ಣೆಯಂಥ ಮಾತು, ಸಿಡುಕಿಯನ್ನು ಕಂಡರೆ "ಬನ್ನಿ ಅತ್ತಿಗೆ, ಕೂತ್ಕೊಳ್ಳಿ ಅತ್ತಿಗೆ" ಎಂದು ಕುರ್ಚಿ ಎಳೆದು ಕೊಡುವ ವಿನಯ. ಮನೆಯ ಬಾಗಿಲು ಹಾಕಿದ ಮೇಲೆ ಗ್ರೀಸು ಮೆತ್ತಿದ ಅದೇ ಕೈಯಿಂದ ಪುಟ್ಟಿಯ ಜುಟ್ಟು ಹಿಡಿದು ಗೋಡೆಗೆ ಗುದ್ದುತ್ತಿದ್ದ. ಪುಟ್ಟಿ ಯಾರಿಗೂ ಹೇಳಲಿಲ್ಲ. ಅಪ್ಪ ಅಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು, ಇದ್ದವಳು ಅಕ್ಕ ಒಬ್ಬಳೇ. ಅಕ್ಕನಿಗೆ ಹೇಳಿದರೆ ಅಕ್ಕ ಅವನನ್ನು ಕೊಂದು ಕಂಬಿ ಎಣಿಸುತ್ತಾಳೆ ಎಂಬ ಹೆದರಿಕೆ.

ಫೋನು ಎತ್ತಲು ತಡ ಮಾಡಿದಳೆಂದು ಅವನು ಅವಳ ಎಡಗೈಯನ್ನು ಹಿಂದಕ್ಕೆ ತಿರುಚಿ, ಭುಜದ ಕೀಲು ತಪ್ಪಿಸಿದಾಗ ಗುಟ್ಟು ಹೊರಬಿತ್ತು. ಮೆಟ್ಟಿಲಿಂದ ಬಿದ್ದೆ ಎಂದು ಪುಟ್ಟಿ ಹೇಳಿದ್ದನ್ನು ಸಿಡುಕಿ ಒಂದು ಕ್ಷಣವೂ ನಂಬಲಿಲ್ಲ. ಅಂಥ ಮೆಟ್ಟಿಲುಗಳನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಕೂಡಿಸಿದ ಭುಜ ಬಿಗಿಯದಿರಲು ಬಹಳ ಕಾಲ ವ್ಯಾಯಾಮ ಮಾಡಿಸಬೇಕು ಎಂದು ಡಾಕ್ಟರು ಹೇಳಿದರು. ಅದಕ್ಕೊಂದು ಫಿಸಿಯೋ ಕ್ಲಿನಿಕ್ ಇತ್ತು. ಸಮಯ ಗೊತ್ತು ಮಾಡಿಕೊಳ್ಳುವುದೆಲ್ಲ ಅದರ ವೆಬ್‌ಸೈಟಿನಲ್ಲೇ ಆಗಬೇಕು. ಆ ವೆಬ್‌ಸೈಟನ್ನು ಮಾಡಿಕೊಟ್ಟದ್ದು ಸಿಡುಕಿಯ ಕಂಪನಿ, ಅದರ ಬಾಗಿಲು ಕಟ್ಟಿದವಳು ಸ್ವತಃ ಸಿಡುಕಿ. ಪುಟ್ಟಿಯ ಮನೆಯಲ್ಲಿದ್ದ ಲ್ಯಾಪ್‌ಟಾಪು ಕೂಡ ಅವಳೇ ವೃದ್ಧಾಶ್ರಮದಿಂದ ಬಿಡಿಸಿ ತಂದುಕೊಟ್ಟಿದ್ದ ಒಂದು ಮುದಿ ಯಂತ್ರ. ಅದರ ಬ್ರೌಸರನ್ನು ಹೊಸದು ಮಾಡಲು ಸಾಧ್ಯವೇ ಇರಲಿಲ್ಲ.

ಆ ವೆಬ್‌ಸೈಟಿನದೂ ಒಂದು ರಂಪದ ಕಥೆಯಿದೆ. ಮೊದಲು ತೆರೆದಾಗ ಹಳೆಯ ಯಂತ್ರಗಳಿರುವವರೆಲ್ಲ ಒಳಗೆ ಹೋದ ಮರುಗಳಿಗೆ ಹೊರಗೆ ಬೀಳುತ್ತಿದ್ದರು. ಕ್ಲಿನಿಕ್ಕಿನ ಮ್ಯಾನೇಜರ್ ಆಫೀಸಿಗೆ ನುಗ್ಗಿ ಒಂದು ಟ್ಯಾಬನ್ನು ಮೇಜಿನ ಮೇಲೆ ಅಪ್ಪಳಿಸಿದ. "ಸೊಂಟ ಹಿಡ್ಕೊಂಡಿರೋ ಜನ ಕಣ್ರೀ, ನಿಮಿಷಕ್ಕೊಂದ್ಸಲ ಪಾಸ್‌ವರ್ಡ್ ಹಾಕು ಅಂದ್ರೆ ಹಾಕ್ತಾರೇನ್ರೀ? ಬೆಳಿಗ್ಗೆಯಿಂದ ಬೈಗುಳ ತಿಂತಿದ್ದೀನಿ ನಾನು!" ಎಂದು ಕೂಗಿದ. ಆ ಸಿಟ್ಟನ್ನು ಬಾಸ್ ಸಿಡುಕಿಯ ಮೇಲೆ ತಿರುಗಿಸಿದ, ಕೈಯಲ್ಲಿದ್ದ ಫೋನನ್ನು ಗೋಡೆಗೆ ಎಸೆದು, "ಒಳಗೆ ಬಂದೋರು ಹೊರಗೆ ಬೀಳಬಾರ್ದು. ಹೇಗಾದ್ರೂ ಮಾಡು, ಇವತ್ತೇ ಮಾಡು" ಎಂದ.

ಸಿಡುಕಿ ಹಲ್ಲು ಕಚ್ಚಿಕೊಂಡು ಕೂತು ಮಾಡಿದಳು. ಹಳೆಯ ಬ್ರೌಸರಿನ ಜೇಬು ನೆಚ್ಚುವಂಥದ್ದಲ್ಲ ತಾನೇ? ಹಾಗಾದರೆ ಚೀಟಿಯನ್ನು ಜೇಬಿಗೆ ಹಾಕುವುದೇ ಬೇಡ ಎಂದು, ಮೇಲೆ ಕಾಣುವ ವೆಬ್‌ಸೈಟ್ ವಿಳಾಸದ ಬಾಲಕ್ಕೇ ಆ ಚೀಟಿಯ ನಂಬರನ್ನು ಕಟ್ಟಿಬಿಟ್ಟಳು. ಪುಟದಿಂದ ಪುಟಕ್ಕೆ ವಿಳಾಸದ ಜೊತೆಗೇ ಅದೂ ಹೋಗುತ್ತದೆ, ಕಳೆಯುವ ಮಾತೇ ಇಲ್ಲ. ಅವರಾಗಿ ಲಾಗೌಟ್ ಒತ್ತುವ ತನಕ ಹೊರಗೆ ಹಾಕಬೇಡ ಎಂದೂ ಬರೆದಳು. ಹಳೆಯ ಯಂತ್ರಗಳನ್ನೆಲ್ಲ ಒಂದೊಂದಾಗಿ ತೆಗೆದು ಒಳಗೆ ಹೋಗಿ ನೋಡಿದಳು. ಯಾವುದರಲ್ಲೂ ಹೊರಗೆ ಬೀಳಲಿಲ್ಲ. ಬಾಸ್ ಬೆನ್ನು ತಟ್ಟಿದ. ಅವಳೂ ಬೀಗಿದಳು, ಸುಳ್ಳು ಯಾಕೆ ಹೇಳಬೇಕು.

ಭುಜ ತಪ್ಪಿದ ಮೇಲೂ ಪುಟ್ಟಿ ಗಂಡನನ್ನು ಬಿಟ್ಟು ಬರಲು ಒಪ್ಪದೆ, ಅವನ ತಂಟೆಗೆ ಹೋಗಬಾರದೆಂದು ಅಕ್ಕನಿಂದ ಆಣೆ ಹಾಕಿಸಿಕೊಂಡಿದ್ದಳು. ಕೊನೆಗೂ ಅವಳನ್ನು ಆ ಮನೆಯಿಂದ ಬಿಡಿಸಿಕೊಂಡು ಬಂದದ್ದು ಒಂದು ಮಧ್ಯಾಹ್ನ. ಗ್ಯಾರೇಜಿನವನು ಕೆಲಸಕ್ಕೆ ಹೋಗಿದ್ದ. ಹಿಂದಿನ ದಿನವಷ್ಟೇ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಪುಟ್ಟಿಯ ಮೊಣಕೈಗೆ ಒತ್ತಿ ಹಿಡಿದಿದ್ದ. ಚರ್ಮ ಸುಲಿದು ಬಟ್ಟೆಗೆ ಅಂಟುತ್ತಿತ್ತು. ಸಿಡುಕಿ ಬಾಗಿಲಲ್ಲಿ ನಿಂತು ಬೀದಿಯನ್ನು ಕಾಯುತ್ತಾ, ಒಳಗೆ ಆ ಲ್ಯಾಪ್‌ಟಾಪಿನ ಮುಂದೆ ಕೂತ ತಂಗಿಗೆ ಹೇಳುತ್ತಾ ಹೋದಳು.

"ಬಟ್ಟೆ ಬಿಟ್ಟು ಏನೂ ತಗೋಬೇಡ. ಕ್ಲಿನಿಕ್ಕನ್ನ ಆ ಕಡೆ ಬ್ರ್ಯಾಂಚಿಗೆ ಬದಲಾಯಿಸ್ಕೊಂಡ್ಯಾ?"

"ಹ್ಞೂಂ ಅಕ್ಕ."

"ಪಾಸ್‌ವರ್ಡು?"

"ಅದನ್ನೂ ಬದಲಾಯಿಸ್ದೆ."

"ಲಾಗೌಟ್ ಒತ್ತು. ಮರೀಬೇಡ."

"ಒತ್ತಿದೆ ಅಕ್ಕ. ನೀವು ಹೊರಬಂದಿದ್ದೀರಿ ಅಂತ ಬಂತು."

"ಸರಿ ಬಿಡು. ಇನ್ನು ಅವರಪ್ಪ ಬಂದ್ರೂ ಒಳಗೆ ಹೋಗಕ್ಕಾಗಲ್ಲ. ಆ ಬಾಗಿಲು ನಾನು ಮಾಡಿದ್ದು," ಎಂದಳು ಸಿಡುಕಿ.

ಊರಿನ ಇನ್ನೊಂದು ತುದಿಯಲ್ಲಿ, ಒಂದು ಕಟ್ಟಡದ ಮೇಲಿನ ಮಹಡಿಯ ಕೋಣೆಯಲ್ಲಿ ಅಕ್ಕ ತಂಗಿ ಇರತೊಡಗಿದರು. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿದ್ದಳು ಸಿಡುಕಿ. ಪುಟ್ಟಿ ಮೊದಮೊದಲು ಯಾರೋ ಮೆಟ್ಟಿಲು ಹತ್ತುವ ಸದ್ದಿಗೆ ಮಂಚದ ಕೆಳಗೆ ನುಸುಳುತ್ತಿದ್ದವಳು, ಬರಬರುತ್ತಾ ಕಿಟಕಿ ತೆರೆದು ಬೀದಿ ನೋಡುವಷ್ಟಾದಳು. ಒಂದು ದಿನ ಟೀ ಚೆಲ್ಲಿಕೊಂಡು, ಹೆದರಿ ಅಕ್ಕನ ಮುಖ ನೋಡಿ, ಆಮೇಲೆ ತನ್ನಷ್ಟಕ್ಕೇ ನಕ್ಕುಬಿಟ್ಟಳು. ಆ ನಗು ಕೇಳಿ ಸಿಡುಕಿ ಬಚ್ಚಲಿಗೆ ಹೋಗಿ ಅತ್ತಳು.

ಅದಾಗಿ ಸ್ವಲ್ಪ ದಿನಕ್ಕೇ ಅವನು ಬಂದ.

ಕ್ಲಿನಿಕ್ಕಿನ ವ್ಯಾಯಾಮದ ಕೋಣೆಯಲ್ಲಿ ಪುಟ್ಟಿ ಗೋಡೆಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎಡಗೈಯಿಂದ ಎಳೆಯುತ್ತಿದ್ದಳು. ಫಿಸಿಯೋ ಮೇಡಂ ಪಕ್ಕದಲ್ಲಿ ನಿಂತಿದ್ದರು. ಸಿಡುಕಿ ಹೊರಗಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು. ಅವಳ ಕಣ್ಣ ಮುಂದೆಯೇ ಅವನು ಹಾದುಹೋದ, ತಲೆಗೆ ಹೆಲ್ಮೆಟ್ ಇದ್ದುದರಿಂದ ಗುರುತು ಹತ್ತಲಿಲ್ಲ. ಚಕ್ರ ಬಿಚ್ಚುವ ಉದ್ದನೆಯ ಸ್ಪ್ಯಾನರನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡಿದ್ದ. ಒಳಗಿನಿಂದ ಕಿರುಚಾಟ ಕೇಳಿ ಸಿಡುಕಿ ಎದ್ದು ಓಡುವಷ್ಟರಲ್ಲಿ ಮೊದಲ ಏಟು ಬಿದ್ದಾಗಿತ್ತು.

ಅವನು ತಲೆಗೆ ಹೊಡೆಯಲಿಲ್ಲ. ಆ ಎಡಭುಜಕ್ಕೇ ಗುರಿಯಿಟ್ಟು ಹೊಡೆದ, ತಾನೇ ಕೀಲು ತಪ್ಪಿಸಿ ಬೇರೆಯವರು ಕೂಡಿಸಿದ್ದನ್ನು ಈ ಸಲ ಮುರಿದೇ ಬಿಡುವ ಹಟಕ್ಕೆ ಬಿದ್ದವನಂತೆ. ಎಲುಬು ಒಡೆದ ಸದ್ದು ಬಾಗಿಲ ತನಕ ಕೇಳಿಸಿತು. ಪುಟ್ಟಿ ನೆಲಕ್ಕೆ ಬಿದ್ದಳು, ಅವನು ಮೊಣಕೈಗೆ ಹೊಡೆದ, ಮಣಿಕಟ್ಟಿಗೆ ಹೊಡೆದ, ಬೆರಳುಗಳ ಮೇಲೆ ಬೂಟುಗಾಲಿಟ್ಟು ತಿರುಚಿದ. ಅಡ್ಡ ಬಂದ ಫಿಸಿಯೋ ಮೇಡಂ ಕನ್ನಡಿಗೆ ಹೋಗಿ ಬಡಿದರು, ಕನ್ನಡಿ ಚೂರುಚೂರಾಗಿ ಅವರ ಮೈಮೇಲೆ ಸುರಿಯಿತು. ಅವನು ಹೊಡೆಯುತ್ತಾ ಒಂದೇ ಮಾತು ಹೇಳುತ್ತಿದ್ದ: "ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ? ಗೊತ್ತಾಗಲ್ಲ ಅನ್ಕೊಂಡ್ಯಾ?"

ಸಿಡುಕಿ ಪಕ್ಕದ ಸ್ಟ್ಯಾಂಡಿನಿಂದ ಕೈಗೆ ಸಿಕ್ಕಿದ ಕಬ್ಬಿಣದ ಡಂಬೆಲ್ ಎತ್ತಿಕೊಂಡು ಹಿಂದಿನಿಂದ ಅವನ ಮಂಡಿಗೆ ಹೊಡೆದಳು. ಅವನು ಕುಸಿದ. ಸ್ಪ್ಯಾನರ್ ಹಿಡಿದ ಕೈಗೆ ಹೊಡೆದಳು. ಸ್ಪ್ಯಾನರ್ ಜಾರಿ ಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅವಳು ನಿಲ್ಲಿಸಲಿಲ್ಲ. ಬಿದ್ದವನ ಎದೆಯ ಮೇಲೆ ಕೂತು ಹೆಲ್ಮೆಟ್ ಕಿತ್ತು ಬಿಸಾಡಿ, ಬರಿಗೈಯಿಂದ ಮುಖಕ್ಕೆ ಗುದ್ದಿದಳು. ಮೂಗು ಒಡೆಯಿತು, ಹಲ್ಲು ಅವಳ ಗೆಣ್ಣಿಗೆ ಚುಚ್ಚಿ ಮುರಿಯಿತು. ಪ್ರತಿ ಗುದ್ದಿಗೂ ಅವಳಿಗೆ ಖುಷಿಯಾಗುತ್ತಿತ್ತು, ಹಸಿದವಳಿಗೆ ಅನ್ನ ಸಿಕ್ಕಂಥ ಖುಷಿ. ಮೈಯೆಲ್ಲ ಗಾಜಿನ ಗಾಯವಾಗಿದ್ದ ಫಿಸಿಯೋ ಮೇಡಂ ಬಂದು ಸೊಂಟ ಹಿಡಿದು ಹಿಂದಕ್ಕೆ ಎಳೆದರು. "ಬಿಡಮ್ಮಾ, ಸತ್ತುಹೋಗ್ತಾನೆ! ತಂಗಿ ಕಡೆ ನೋಡು ಮೊದ್ಲು!" ಎಂದು ಅರಚಿದರು. ಆಗ ನೋಡಿದಳು. ಪುಟ್ಟಿಯ ಎಡಗೈ ಬೇರೆ ಯಾರದೋ ಕೈಯನ್ನು ತಂದು ಇಟ್ಟ ಹಾಗೆ ಪಕ್ಕದಲ್ಲಿ ಬಿದ್ದಿತ್ತು.

ಪುಟ್ಟಿಯ ಜೀವ ಉಳಿಯಿತು. ಆ ಕೈ ಇನ್ನು ಭುಜದಿಂದ ಮೇಲೆ ಏಳುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಗ್ಯಾರೇಜಿನವನು ಅದೇ ಆಸ್ಪತ್ರೆಯ ಇನ್ನೊಂದು ಮಹಡಿಯಲ್ಲಿ ಪೊಲೀಸ್ ಕಾವಲಿನಲ್ಲಿ ಮಲಗಿದ. ಇನ್ಸ್‌ಪೆಕ್ಟರು ಪುಟ್ಟಿಯ ಹೇಳಿಕೆ ಬರೆದುಕೊಳ್ಳುವಾಗ, ಅಲ್ಲಿ ಸಿಗುತ್ತೀರೆಂದು ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಪುಟ್ಟಿ ಗೊತ್ತಿಲ್ಲವೆಂದು ತಲೆ ಆಡಿಸಿದಳು. ಸಿಡುಕಿಗೂ ಗೊತ್ತಿರಲಿಲ್ಲ. ಯಾರೋ ಬಾಯಿಬಿಟ್ಟಿದ್ದಾರೆ, ಸಿಕ್ಕಲಿ ಅವರ ಚಳಿ ಬಿಡಿಸುತ್ತೇನೆ ಎಂದು ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ಹಿಡಿದು ಬಡಿಯುತ್ತಿದ್ದಳು.

ಮಾರನೆಯ ದಿನ ತಂಗಿಯ ಉಳಿದ ಬಟ್ಟೆ ತರಲು ಒಬ್ಬ ಮಹಿಳಾ ಪೇದೆಯ ಜೊತೆ ಗ್ಯಾರೇಜಿನವನ ಮನೆಗೆ ಹೋದಳು. ಪೇದೆ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಊಟದ ಮೇಜಿನ ಮೇಲೆ ಆ ಹಳೆಯ ಲ್ಯಾಪ್‌ಟಾಪು ತೆರೆದೇ ಇತ್ತು. ಸಿಡುಕಿ ಕೀಲಿ ಒತ್ತಿದಳು. ಪರದೆ ಬೆಳಗಿತು. ಮೇಲೆ ಪುಟ್ಟಿಯ ಹೆಸರು, ಕೆಳಗೆ ಹೊಸ ಬ್ರ್ಯಾಂಚಿನ ವಿಳಾಸ, ಮುಂದಿನ ವ್ಯಾಯಾಮದ ದಿನ, ಗಂಟೆ.

ಪಾಸ್‌ವರ್ಡ್ ಬದಲಾಯಿಸಿಯೂ ಇದು ತೆರೆದಿದೆ ಅಂದರೆ? ಲಾಗೌಟ್ ಒತ್ತಿದಳು. "ನೀವು ಹೊರಬಂದಿದ್ದೀರಿ" ಎಂದು ಬಂತು. ವಿಳಾಸ ಬರೆಯುವ ಜಾಗದಲ್ಲಿ ಕ್ಲಿನಿಕ್ಕಿನ ಹೆಸರಿನ ಮೊದಲ ಅಕ್ಷರ ಹಾಕಿದಳು. ಬ್ರೌಸರು ಉಪಕಾರ ಮಾಡುವವನ ಹಾಗೆ ಹಿಂದಿನ ವಿಳಾಸವನ್ನು ಬಾಲದ ಸಮೇತ ತಾನೇ ಬರೆದು ಕೊಟ್ಟಿತು. ಒತ್ತಿದಳು. ಪುಟ್ಟಿಯ ಹೆಸರು. ಹಳೆಯ ಪುಟದ ನೆರಳಿರಬಹುದು ಎಂದು ಹೊಸದಾಗಿ ತರಿಸಿದಳು. ಬಂತು. ಬೇರೆ ಪುಟಕ್ಕೆ ಹೋದಳು. ಅದೂ ಬಂತು.

ಆಗ ಎಲ್ಲ ಹೊಳೆಯಿತು. ಲಾಗೌಟ್ ಒತ್ತಿದರೆ ಯಂತ್ರ ಬ್ರೌಸರಿನ ಜೇಬಿಗೆ ಕೈ ಹಾಕಿ, ಅಲ್ಲಿದ್ದ ಚೀಟಿಯನ್ನು ಹರಿಯುತ್ತದೆ. ಹಾಗೆ ಬರೆದವಳು ಅವಳೇ. ಹಳೆಯ ಬ್ರೌಸರಿನ ಜೇಬಿನಲ್ಲಿ ಚೀಟಿಯೇ ಇಲ್ಲ, ಅದು ವಿಳಾಸದ ಬಾಲದಲ್ಲಿದೆ. ಕಟ್ಟಿದವಳೂ ಅವಳೇ. ಯಂತ್ರ ಖಾಲಿ ಜೇಬು ತಡಕಿ, ಏನನ್ನೂ ಹರಿಯದೆ, ಹೊರಬಂದಿದ್ದೀರಿ ಎಂದು ಹೇಳಿ ಕಳಿಸುತ್ತಿತ್ತು. ಒಮ್ಮೆ ಕೊಟ್ಟ ಚೀಟಿ ಪಾಸ್‌ವರ್ಡ್ ಬದಲಾದರೂ ಸಾಯುತ್ತಿರಲಿಲ್ಲ. ವೃದ್ಧಾಶ್ರಮದ ಯಂತ್ರಗಳಲ್ಲಿ ಅವಳು ಒಳಗೆ ಹೋಗುವುದನ್ನಷ್ಟೇ ಪರೀಕ್ಷೆ ಮಾಡಿದ್ದಳು. ದೂರು ಬಂದದ್ದು ಒಳಗೆ ಹೋಗುವುದರ ಬಗ್ಗೆ. ಹೊರಗೆ ಹೋಗುವುದನ್ನು ನೋಡಬೇಕೆಂದು ತಲೆಗೇ ಬಂದಿರಲಿಲ್ಲ.

ಅವಳು ಮೇಜಿನ ಅಂಚು ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ಒಳಗೆ ಬಂದ ಪೇದೆ, "ಪಾಪ, ರಕ್ತ ನೋಡಿದ್ದು ಇನ್ನೂ ಕಣ್ಣಲ್ಲಿದೆ ಅನ್ಸುತ್ತೆ" ಎಂದು ಬೆನ್ನು ಸವರಿದಳು. ಸಿಡುಕಿ ಬಾಯಿ ತೊಳೆದುಕೊಂಡಳು, ಬಟ್ಟೆ ತುಂಬಿಕೊಂಡಳು, ಏನೂ ಹೇಳಲಿಲ್ಲ.

ಬಾಸಿಗೆ ಹೇಳಿದಳು. ಈಗಲೇ ಎಲ್ಲರ ಸೆಷನ್ನನ್ನೂ ಕೊಂದು ಎಲ್ಲರನ್ನೂ ಹೊರಗೆ ಹಾಕಬೇಕು, ಕ್ಲಿನಿಕ್ಕಿಗೂ ಪೊಲೀಸರಿಗೂ ತಿಳಿಸಬೇಕು ಎಂದಳು. ಬಾಸ್ ಎದ್ದು ಬಾಗಿಲು ಹಾಕಿ ಬಂದು, ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಬೇರೆ ದಿನವಾಗಿದ್ದರೆ ಆ ಕೈ ಮುರಿದಿರುತ್ತಿತ್ತು.

"ಬಾಯಿ ಬಿಟ್ಟೆ ಅಂದ್ರೆ ನಿನ್ನನ್ನೇ ಮೊದ್ಲು ಎಳ್ಕೊಂಡು ಹೋಗ್ತಾರೆ. ಬರೆದಿದ್ದು ನೀನು. ಒಂದೇ ಸಲ ಎಲ್ಲರನ್ನೂ ಹೊರಗೆ ಹಾಕಿದ್ರೆ ಯಾಕೆ ಅಂತ ಕೇಳಲ್ವಾ? ಮುಂದಿನ ಸಲ ಬದಲಾವಣೆ ಹಾಕೋವಾಗ ಸದ್ದಿಲ್ಲದೆ ಇದನ್ನೂ ಸೇರ್ಸು. ಅಲ್ಲೀವರೆಗೆ ಬಾಯಿಗೆ ಬೀಗ. ತಂಗಿ ಮುಖ ಹೇಗೆ ನೋಡ್ತೀಯ ಅದನ್ನ ಯೋಚ್ನೆ ಮಾಡು."

ಕೊನೆಯ ಮಾತು ನಾಟಿತು. ಜೈಲಿಗೆ ಅವಳು ಹೆದರುವವಳಲ್ಲ, ಕೆಲಸ ಹೋದರೆ ಹೋಯಿತು. ಆದರೆ ಪುಟ್ಟಿಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ಅಕ್ಕನ ಮೇಲೆ ಮಾತ್ರ. ಅದೂ ಹೋದರೆ ಅವಳಿಗೆ ಉಳಿಯುವುದೇನು ಎಂದು ಸಿಡುಕಿ ತನಗೆ ತಾನೇ ಹೇಳಿಕೊಂಡಳು. ಹೇಡಿತನಕ್ಕೆ ಬಟ್ಟೆ ತೊಡಿಸುವುದು ಎಷ್ಟು ಸುಲಭ! ಅಪ್ಪನ ಮುಖಕ್ಕೆ ಬಾರಿಸಿದವಳು, ಗ್ಯಾರೇಜಿನವನ ಹಲ್ಲು ಉದುರಿಸಿದವಳು, ಒಂದು ನಿಜ ಹೇಳಲಾರದೆ ದಿನವೂ ಆಸ್ಪತ್ರೆಗೆ ಹೋಗಿ ತಂಗಿಯ ತಲೆ ಬಾಚಿ ಬರುತ್ತಿದ್ದಳು.

ಈ ಮೌನಕ್ಕೆ ಬೇರೆಯವರು ಮಾತು ತುಂಬಿದರು. ಒಂದು ದಿನ ಸಿಡುಕಿ ವಾರ್ಡಿಗೆ ಹೋದಾಗ ಗ್ಯಾರೇಜಿನವನ ಚಿಕ್ಕಪ್ಪ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ದೊಡ್ಡ ಮನುಷ್ಯನ ಧಾಟಿಯಲ್ಲಿ ತಗ್ಗಿದ ದನಿಯಿಂದ ಹೇಳುತ್ತಿದ್ದ: "ಅವ್ನೇ ಹೇಳ್ದಮ್ಮ. ನೀನು ಕಂಪ್ಯೂಟರ್ ತೆರೆದಿಟ್ಟೇ ಹೋಗಿದ್ಯಂತೆ. ಎಲ್ಲಿ, ಯಾವ ಹೊತ್ತು, ಎಲ್ಲ ಕಾಣೋ ಹಾಗೆ. ನಾನು ಬರ್ಲಿ ಅಂತಾನೇ ಬಿಟ್ಟು ಹೋಗಿದ್ದಾಳೆ ಚಿಕ್ಕಪ್ಪ, ಅಂತ ಅಳ್ತಾನೆ. ನಿಂಗೂ ಮನಸ್ಸಿತ್ತು ಅಂತಾಯ್ತಲ್ಲ? ಏನೋ ಸಿಟ್ಟಲ್ಲಿ ಕೈ ಮಾಡ್ದ..."

ಸಿಡುಕಿ ಅವನ ಕಾಲರ್ ಹಿಡಿದು ಸ್ಟೂಲಿನಿಂದ ಎತ್ತಿ, ವಾರ್ಡಿನ ಉದ್ದಕ್ಕೂ ದರದರ ಎಳೆದುಕೊಂಡು ಹೋಗಿ ಹೊರಗಿನ ಗೋಡೆಗೆ ಅಪ್ಪಳಿಸಿದಳು. ಇನ್ನೊಮ್ಮೆ ಇತ್ತ ಕಾಲಿಟ್ಟರೆ ಹುಟ್ಟಲಿಲ್ಲ ಅನ್ನಿಸಿಬಿಡುತ್ತೇನೆ ಎಂದಳು. ಅವನು ಮೊಣಕೈ ತಿಕ್ಕಿಕೊಳ್ಳುತ್ತಾ ಮೆಟ್ಟಿಲಿಳಿದು ಹೋದ. ಹೋದದ್ದು ಅವನಷ್ಟೇ, ಅವನ ಮಾತು ಮಂಚದ ಮೇಲೆ ಉಳಿದಿತ್ತು.

"ಅಕ್ಕ," ಎಂದಳು ಪುಟ್ಟಿ. "ನಾನು ಕಂಪ್ಲೇಂಟ್ ವಾಪಸ್ ತಗೋತೀನಿ."

"ತಲೆ ಕೆಟ್ಟಿದ್ಯಾ ನಿಂಗೆ?"

"ಲಾಗೌಟ್ ಮಾಡ್ದೆ ಅನ್ಕೊಂಡಿದ್ದೆ. ಮಾಡಿಲ್ಲ ಅನ್ಸುತ್ತೆ. ದಿನಾ ಯೋಚ್ನೆ ಮಾಡ್ತೀನಿ, ಬೆರಳು ಒತ್ತಿದ್ದು ನೆನಪಾಗುತ್ತೆ, ಆಮೇಲೆ ಇಲ್ಲ ಅನ್ಸುತ್ತೆ. ಬೇಕಂತಲೇ ಬಿಟ್ನೇನೋ. ನನ್ನೊಳಗೇ ಎಲ್ಲೋ ಅವ್ನು ಬರ್ಲಿ ಅಂತ ಇತ್ತೇನೋ. ನನ್ನಿಂದ ಆ ಮೇಡಮ್ಮಿಗೂ ಗಾಯ ಆಯ್ತು, ನಿನ್ನ ಕೈಯೂ ಊದಿದೆ. ಅವ್ನು ಬಿಡುಗಡೆ ಆಗಿ ಬಂದ್ಮೇಲೆ ಮನೆಗೆ ಹೋಗ್ತೀನಿ ಅಕ್ಕ. ಇನ್ನು ಎಚ್ಚರವಾಗಿರ್ತೀನಿ."

ಇದನ್ನು ಅವಳು ಅಳದೆ, ಮೊದಲೇ ಗೊತ್ತಿದ್ದುದನ್ನು ಒಪ್ಪಿಸುವವಳ ಹಾಗೆ ಹೇಳಿದಳು. ಸಿಡುಕಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಈ ಸಲ ಅವನ ಮನೆಗೆ ಹೋದರೆ ಹೆಣವಾಗಿಯೇ ಹೊರಗೆ ಬರುತ್ತಾಳೆ. ಅವಳನ್ನು ಅಲ್ಲಿಗೆ ಕಳಿಸುತ್ತಿರುವುದು ಆ ಚಿಕ್ಕಪ್ಪನ ನಾಲಗೆಯಲ್ಲ, ತನ್ನ ಮುಚ್ಚಿದ ಬಾಯಿ.

ಎದ್ದು ಆಫೀಸಿಗೆ ಹೋದಳು. ಕಪಾಟು ತೆಗೆದು ಅಂಥದ್ದೇ ಬ್ರೌಸರಿದ್ದ ಒಂದು ಹಳೆಯ ಟ್ಯಾಬು ಎತ್ತಿಕೊಂಡಳು, ತನ್ನ ಕೆಲಸದ ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡಳು. ಎಲ್ಲಿಗೆ ಎಂದು ಬಾಸ್ ಅಡ್ಡ ನಿಂತ. ಭುಜದಿಂದ ಅವನನ್ನು ಬಾಗಿಲ ಚೌಕಟ್ಟಿಗೆ ಗುದ್ದಿ ದಾಟಿಕೊಂಡು ಬಂದಳು.

ವಾರ್ಡಿನಲ್ಲಿ ಪುಟ್ಟಿಯ ತೊಡೆಯ ಮೇಲೆ ಟ್ಯಾಬಿಟ್ಟು, "ಒಳಗೆ ಹೋಗು" ಎಂದಳು. ಪುಟ್ಟಿ ಬಲಗೈಯ ಒಂದೇ ಬೆರಳಿನಿಂದ ಹೆಸರು, ಪಾಸ್‌ವರ್ಡ್ ಹಾಕಿದಳು. ಅವಳ ಪುಟ ತೆರೆಯಿತು.

"ಈಗ ಲಾಗೌಟ್ ಒತ್ತು."

ಒತ್ತಿದಳು. ನೀವು ಹೊರಬಂದಿದ್ದೀರಿ.

"ಒತ್ತಿದ್ಯಾ?"

"ಒತ್ತಿದೆ. ನೀನೇ ನೋಡ್ತಿದ್ದೀಯಲ್ಲ."

"ಹಿಂದಕ್ಕೆ ಹೋಗು. ಯಾವ ಪುಟ ಬೇಕೋ ತೆರೆ."

ಪುಟ್ಟಿ ಒತ್ತಿದಳು. ಅವಳ ಹೆಸರು ಬಂತು, ಬ್ರ್ಯಾಂಚಿನ ವಿಳಾಸ ಬಂತು. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಲಾಗೌಟ್ ಒತ್ತಿ ಮತ್ತೆ ಹಿಂದಕ್ಕೆ ಹೋದಳು. ಮತ್ತೆ. ಮತ್ತೆ. ಕೊನೆಗೆ ಗಾಜು ತೂತಾಗುವ ಹಾಗೆ ಕುಟ್ಟತೊಡಗಿದಳು.

"ನೀನು ಅವತ್ತು ಒತ್ತಿದ್ದೆ ಪುಟ್ಟಿ," ಎಂದಳು ಸಿಡುಕಿ. "ಸರಿಯಾಗೇ ಒತ್ತಿದ್ದೆ. ಬಾಗಿಲು ಹಾಕ್ಲಿಲ್ಲ ಅದು. ಅದನ್ನ ಹಾಗೆ ಮಾಡಿದೋಳು ನಾನು. ಅವ್ನಿಗೆ ದಾರಿ ತೋರ್ಸಿದ್ದು ನೀನಲ್ಲ, ನನ್ನ ಕೆಲ್ಸ."

ಪುಟ್ಟಿ ಪರದೆಯಿಂದ ತಲೆ ಎತ್ತಿದಳು. ಆಮೇಲೆ ಕೇಳಿದಳು:

"ಯಾವತ್ತಿಂದ ಗೊತ್ತು ನಿಂಗೆ?"

ಸಿಡುಕಿ ಈ ಪ್ರಶ್ನೆಗೇ ಹೆದರಿದ್ದಳು.

"ನಿನ್ನ ಬಟ್ಟೆ ತರಕ್ಕೆ ಹೋದ ದಿನದಿಂದ."

ಪುಟ್ಟಿ ಟ್ಯಾಬನ್ನು ಬಲಗೈಯಲ್ಲಿ ಎತ್ತಿ ಅಕ್ಕನ ಮುಖಕ್ಕೆ ಬೀಸಿದಳು. ಅಂಚು ತುಟಿಗೆ ತಗುಲಿ ಸೀಳಿತು. ಎರಡನೆಯ ಏಟು ಕೆನ್ನೆಯ ಎಲುಬಿಗೆ ಬಿತ್ತು, ಟ್ಯಾಬಿನ ಗಾಜು ಒಡೆದು ಚಾದರದ ಮೇಲೆ ಚೆಲ್ಲಿತು. "ದಿನಾ ಬಂದು ತಲೆ ಬಾಚ್ತಿದ್ದೆ! ದಿನಾ ತಲೆ ಬಾಚ್ತಿದ್ದೆ ನೀನು!" ಎಂದು ಕೂಗುತ್ತಾ ಮತ್ತೆ ಹೊಡೆದಳು. ಸಿಡುಕಿ ಕೈ ಅಡ್ಡ ಹಿಡಿಯಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಓಡಿ ಬಂದ ನರ್ಸನ್ನು ಪುಟ್ಟಿಯೇ, "ಇದು ಮನೆ ವಿಷ್ಯ, ನೀವು ಹೋಗಿ" ಎಂದು ಗದರಿಸಿ ಕಳಿಸಿದಳು. ಅವಳ ಬಾಯಲ್ಲಿ ಅಂಥ ದನಿಯನ್ನು ಸಿಡುಕಿ ಯಾವತ್ತೂ ಕೇಳಿರಲಿಲ್ಲ.

ಏದುಸಿರು ಇಳಿದ ಮೇಲೆ ಪುಟ್ಟಿ ಕೇಳಿದಳು: "ಇದು ಈಗ್ಲೂ ಹೀಗೇ ಇದ್ಯಾ? ನನ್ನಂಥೋರು ಬೇರೆ ಯಾರಾದ್ರೂ ಒತ್ತಿದ್ರೂ?"

"ಇದೆ."

"ಮುಚ್ಚು. ಇಲ್ಲೇ ಕೂತು ಮುಚ್ಚು."

ಸಿಡುಕಿ ನೆಲದ ಮೇಲೆ ಕೂತು ಕೆಲಸದ ಲ್ಯಾಪ್‌ಟಾಪು ತೆರೆದಳು. ತುಟಿಯಿಂದ ರಕ್ತ ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು, ತೋಳಿನಿಂದ ಒರೆಸಿಕೊಳ್ಳುತ್ತಾ ಬರೆದಳು. ವಿಳಾಸದ ಬಾಲದಲ್ಲಿ ಬರುವ ಚೀಟಿಯನ್ನು ಒಪ್ಪಬೇಡ ಎಂದು ಬರೆದಳು. ಕೊಟ್ಟಿದ್ದ ಚೀಟಿಗಳನ್ನೆಲ್ಲ ಒಂದೇ ಸಲಕ್ಕೆ ಹರಿದು, ಒಳಗಿದ್ದವರನ್ನೆಲ್ಲ ಹೊರಗೆ ಹಾಕಿದಳು. ತುಸು ಹೊತ್ತಿಗೆ ಅವಳ ಫೋನು ಬಡಿದುಕೊಳ್ಳಲು ಶುರುವಾಯಿತು. ಬಾಸ್, ಕ್ಲಿನಿಕ್ಕಿನ ಮ್ಯಾನೇಜರ್, ಮತ್ತೆ ಬಾಸ್. ಅವಳು ಫೋನನ್ನು ಮಗುಚಿಟ್ಟಳು.

"ಆಯ್ತು," ಎಂದಳು.

"ಇನ್ಸ್‌ಪೆಕ್ಟರಿಗೆ ಫೋನ್ ಮಾಡು. ಬರಕ್ಕೆ ಹೇಳು."

ಸಿಡುಕಿ ಮಾಡಿದಳು. ಇಬ್ಬರೂ ಕಾಯುತ್ತಾ ಕೂತರು. ಪುಟ್ಟಿ ಗೋಡೆಯ ಕಡೆ ಮುಖ ಮಾಡಿದ್ದಳು, ಸಿಡುಕಿ ಚಾದರದ ಮೇಲಿನ ಗಾಜಿನ ಚೂರುಗಳನ್ನು ಆರಿಸುತ್ತಿದ್ದಳು. ಇನ್ಸ್‌ಪೆಕ್ಟರು ಬಂದರು. ಸಿಡುಕಿಯ ಮುಖ ನೋಡಿ ಬೆಚ್ಚಿ, "ಇದು ಯಾರು ಮಾಡಿದ್ದಮ್ಮ?" ಎಂದರು.

"ನಾನು," ಎಂದಳು ಪುಟ್ಟಿ. "ಅದನ್ನ ಆಮೇಲೆ ಬರ್ಕೊಳ್ಳಿ ಸಾರ್. ನನ್ನ ಕಂಪ್ಲೇಂಟ್ ಹಾಗೇ ಇರುತ್ತೆ. ನಾನು ಮನೆಗೆ ಹೋಗಲ್ಲ. ಅವ್ನಿಗೆ ನನ್ನ ಜಾಗ ಹೇಗೆ ಗೊತ್ತಾಯ್ತು ಅಂತ ಅವತ್ತು ಕೇಳಿದ್ರಲ್ಲ?"

ಇನ್ಸ್‌ಪೆಕ್ಟರು ಸ್ಟೂಲು ಎಳೆದುಕೊಂಡು ಕೂತರು. ಪುಟ್ಟಿ ಅಕ್ಕನ ಕಡೆ ತಿರುಗದೆಯೇ ಕೈ ತೋರಿಸಿದಳು.

"ಮೊದ್ಲು ಇವಳ ಹೇಳಿಕೆ ಬರ್ಕೊಳ್ಳಿ."